ಕೆಮ್ಮಿನ ಸಿರಪ್ ಕುಡಿಯುವ ಮುಂಚೆ: ಕ್ರೀಡಾಪಟುಗಳು ಔಷಧ ತೆಗೆದುಕೊಳ್ಳುವುದು ಹೇಗೆ?

ಡೋಪಿಂಗ್ ಅಂದಕೂಡಲೇ ಕದ್ದುಮುಚ್ಚಿ ಸೂಜಿ ಚುಚ್ಚಿಕೊಳ್ಳುವವರು ನೆನಪಾಗುತ್ತಾರೆ. ಆದರೆ ಮೈದಾನದಲ್ಲಿ ನಾನು ಜಾಸ್ತಿ ನೋಡಿರುವುದು ಕೆಮ್ಮು, ನೆಗಡಿ, ಸುಸ್ತಿಗೆ ಕೈಗೆ ಸಿಕ್ಕಿದ್ದನ್ನು ನುಂಗುವ ಹುಡುಗ ಹುಡುಗಿಯರನ್ನು. ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) ನಿಯಮ ಬಲು ಬಿಗಿ. ನಿಷೇಧಿತ ಪದಾರ್ಥ ನಿಮ್ಮ ಮೂತ್ರದಲ್ಲಿ ಸಿಕ್ಕರೆ ಹೊಣೆ ನಿಮ್ಮದೇ. ಗೊತ್ತಿರಲಿಲ್ಲ ಎಂದು ಸಾಬೀತು ಮಾಡಿದರೆ ಶಿಕ್ಷೆ ಕಡಿಮೆಯಾದೀತು, ಅಷ್ಟೇ. ನಮ್ಮಲ್ಲಿ ಇದನ್ನು ಜಾರಿ ಮಾಡುವುದು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ (ನಾಡಾ). ಅದರ ಬೆನ್ನಿಗೆ 2022ರ ಕಾಯ್ದೆಯೂ ಇದೆ.

ಒಂದು. ವೈದ್ಯರ ಮುಂದೆ ಕೂತ ಕೂಡಲೇ ‘ನನಗೆ ಡೋಪ್ ಟೆಸ್ಟ್ ಇರುತ್ತೆ’ ಎಂದು ಹೇಳಿ.

ಎರಡು. ಎಡವುವುದು ಇಲ್ಲೇ. ಮೆಡಿಕಲ್ ಶಾಪ್‌ಗೆ ಹೋಗಿ ‘ಅಣ್ಣಾ, ಕೆಮ್ಮಿಗೆ ಏನಾದ್ರೂ ಕೊಡಿ’ ಅನ್ನಬೇಡಿ. ಬಾಟಲಿ ಕೈಗೆ ಬಂದರೆ ದೊಡ್ಡಕ್ಷರದ ಹೆಸರು ಬಿಡಿ, ಪಕ್ಕದಲ್ಲಿ ಇರುವೆ ಸಾಲಿನಂತಿರುವ ಸಣ್ಣಕ್ಷರ ಓದಿ. ಟರ್ಬ್ಯುಟಲಿನ್, ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್, ಮೆಂಥಾಲ್ ಎಂದು ಸಾಲಾಗಿ ಇರುತ್ತದೆ. ಮೊದಲನೆಯದು ಕಂಡರೆ ಬಾಟಲಿ ವಾಪಸ್ ಕೊಡಿ. ಟರ್ಬ್ಯುಟಲಿನ್ ಪಂದ್ಯದ ದಿನ ಮಾತ್ರವಲ್ಲ, ವರ್ಷವಿಡೀ ನಿಷೇಧ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳು ಹೊರಗುಳಿದದ್ದು ಇದರಿಂದಲೇ.

ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಇನ್ನೂ ಗೊಂದಲದ್ದು. ಇನ್‌ಹೇಲರ್‌ನಲ್ಲಿ ಮಿತಿಯೊಳಗೆ ಎಳೆದುಕೊಂಡರೆ ಸರಿ: 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಅದನ್ನೇ ಸಿರಪ್ಪಿನಲ್ಲೋ ಮಾತ್ರೆಯಲ್ಲೋ ತೆಗೆದುಕೊಂಡರೆ ತಪ್ಪು. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗೆ ಸ್ಪರ್ಧೆಯ ವೇಳೆ ನಿಷೇಧ. ಎರಡು ದಿನ ಮುಂಚೆ ನುಂಗಿದ್ದೂ ಸ್ಪರ್ಧೆಯ ದಿನ ಸಿಕ್ಕಿಬೀಳಬಹುದು ಅನ್ನುವುದು ಹಲವರ ತಲೆಗೇ ಹೋಗುವುದಿಲ್ಲ.

ಬ್ರಾಂಡಿನ ಹೆಸರಿನ ಕೊನೆಗೆ ಒಂದಕ್ಷರ ಬದಲಾದರೂ ಒಳಗಿನ ಔಷಧ ಬೇರೆಯಾಗಿರಬಹುದು. ಹಾಗಾಗಿ ಸಾಲ್ಟ್ ಹೆಸರುಗಳನ್ನೇ, ಅಂದರೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರುಗಳನ್ನೇ ಬರೆದುಕೊಂಡು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹುಡುಕಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗೆಳೆಯರ ವಾಟ್ಸ್‌ಆ್ಯಪ್ ಪಟ್ಟಿ ನಂಬಬೇಡಿ. ವಾಡಾದ ಹೊಸ ಪಟ್ಟಿ ಪ್ರತಿ ಜನವರಿ 1ಕ್ಕೆ ಜಾರಿಗೆ ಬರುತ್ತದೆ, ಆ ಪಟ್ಟಿ ಯಾವ ವರ್ಷದ್ದೋ ಯಾರಿಗೆ ಗೊತ್ತು?

ಮೂರು. ಸುಸ್ತಾಯ್ತು ಅಂತ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿಕೊಳ್ಳುವ ಅಭ್ಯಾಸ ಬಿಡಿ. ಒಳಗಿರುವುದು ಬರೀ ಉಪ್ಪುನೀರಾದರೂ 12 ಗಂಟೆಯಲ್ಲಿ 100 ಮಿಲಿಲೀಟರ್ ದಾಟಿದ ಡ್ರಿಪ್ ನಿಷೇಧ. ಮಾಮೂಲಿ ಬಾಟಲಿ 500 ಮಿಲಿಲೀಟರ್! ಆಸ್ಪತ್ರೆ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗಪತ್ತೆ ಪರೀಕ್ಷೆಗಾದರೆ ವಿನಾಯಿತಿ ಇದೆ. ಆಗ ದಾಖಲೆಗಳನ್ನೆಲ್ಲ ಜೋಪಾನ ಮಾಡಿ.

ನಾಲ್ಕು. ನಿಷೇಧಿತ ಔಷಧವಿಲ್ಲದೆ ಆಗುವುದೇ ಇಲ್ಲ ಅನ್ನುವ ಕಾಯಿಲೆಯೇ? ಚಿಕಿತ್ಸೆಗಾಗಿ ಅದನ್ನು ಬಳಸಲು ಕೊಡುವ ಟಿಯುಇ ಎಂಬ ಅನುಮತಿಗೆ ಅರ್ಜಿ ಹಾಕಿ. ರಾಷ್ಟ್ರಮಟ್ಟದವರು ನಾಡಾಕ್ಕೆ, ಅಂತರರಾಷ್ಟ್ರೀಯ ಮಟ್ಟದವರು ತಮ್ಮ ಅಂತರರಾಷ್ಟ್ರೀಯ ಫೆಡರೇಷನ್‌ಗೆ. ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚೆ. ಬರೀ ಚೀಟಿ ಸಾಲದು, ಪರೀಕ್ಷಾ ವರದಿ ಸಮೇತ ಕೊಡಿ. ಜೀವಕ್ಕೆ ಅಪಾಯವಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಅರ್ಜಿ. ಅದಕ್ಕೂ ನಿಯಮದಲ್ಲಿ ದಾರಿಯಿದೆ.

ಐದು. ಸಪ್ಲಿಮೆಂಟ್? ನನ್ನ ಮಾತು ಕೇಳಿದರೆ ಮುಟ್ಟಬೇಡಿ. ಮೊಟ್ಟೆ, ಹಾಲು, ಕಾಳು ಸಾಕು. ಡಬ್ಬದ ಮೇಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಡೋಪ್ ಟೆಸ್ಟ್ ಪಾಸಾದ ಗುರುತಲ್ಲ. ‘ಕೋಚ್ ಕೊಟ್ಟಿದ್ರು’ ಅನ್ನುವುದೂ ನಡೆಯುವುದಿಲ್ಲ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮತ್ತು ಸಹ ಓಟಗಾರ್ತಿಯರು 2011ರಲ್ಲಿ ಸಿಕ್ಕಿಬಿದ್ದಾಗ ಕೋಚ್ ತಂದುಕೊಟ್ಟ ಜಿನ್ಸೆಂಗ್ ಕಾರಣ ಎಂದರು. ಇಲ್ಲಿ ಒಂದು ವರ್ಷದ ಶಿಕ್ಷೆಯಾಯಿತು. ಲೌಸಾನ್‌ನ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೆ ಏರಿಸಿತು.

ಆರು. ಡೋಪ್ ಟೆಸ್ಟ್‌ಗೆ ಮಾದರಿ ಕೇಳಲು ಬಂದರೆ ಓಡಬೇಡಿ, ಒಲ್ಲೆ ಅನ್ನಬೇಡಿ. ಪರೀಕ್ಷಾ ಕಿಟ್ ಬಗ್ಗೆ ತಕರಾರೆತ್ತಿ 2024ರಲ್ಲಿ ಮಾದರಿ ಕೊಡದ ಕುಸ್ತಿಪಟು ಬಜರಂಗ್ ಪೂನಿಯಾಗೆ ಡೋಪಿಂಗ್ ತಡೆ ಶಿಸ್ತು ಸಮಿತಿ ನಾಲ್ಕು ವರ್ಷ ನಿಷೇಧ ಹೇರಿತು. ಅನುಮಾನವಿದ್ದರೆ ಮಾದರಿ ಕೊಟ್ಟು, ಫಾರಂನಲ್ಲೇ ಆಕ್ಷೇಪ ಬರೆಯಿರಿ. ಕಳೆದ ಏಳು ದಿನ ತೆಗೆದುಕೊಂಡ ಮಾತ್ರೆ, ಸಿರಪ್ ಎಲ್ಲವನ್ನೂ ಅದರಲ್ಲಿ ನಮೂದಿಸಿ. ನಿಮ್ಮ ಮಾದರಿಯನ್ನು ಹಂಚಿ ತುಂಬುವ ಎ, ಬಿ ಬಾಟಲಿಗಳ ಸಂಖ್ಯೆ ಫಾರಂನಲ್ಲಿರುವುದಕ್ಕೆ ತಾಳೆಯಾದ ಮೇಲೇ ಸಹಿ ಹಾಕಿ. ಅದರ ಒಂದು ಪ್ರತಿ ನಿಮಗೆ ಸಿಗುತ್ತದೆ, ಇಸ್ಕೊಂಡೇ ಬನ್ನಿ.