ಥಾಯ್ಲೆಂಡ್ ನಿವೃತ್ತಿ ವೀಸಾ: 8 ಲಕ್ಷ ಬಹ್ತ್ ಇದ್ದರೆ ಸಾಲದು, ತಾರೀಖೂ ಕೂಡಿಬರಬೇಕು

ನಿವೃತ್ತಿಯ ನಂತರ ಥಾಯ್ಲೆಂಡಿನಲ್ಲಿ ನೆಲೆಸಲು ಹೊರಟವರಿಗೆ ಅಲ್ಲಿನ ಸರ್ಕಾರ ಮೊದಲು ಕೇಳುವುದು ವಯಸ್ಸು, ಆಮೇಲೆ ಹಣ. ವಯಸ್ಸಿನ ಷರತ್ತು ಸುಲಭ: 50 ತುಂಬಿರಬೇಕು. ಹಣದ ಷರತ್ತೂ ಕೇಳುವುದಕ್ಕೆ ಸುಲಭವೇ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಹ್ತ್ ಆದಾಯ ಇರಬೇಕು, ಅದೂ ಇಲ್ಲದಿದ್ದರೆ ಠೇವಣಿ ಮತ್ತು ವರ್ಷದ ಆದಾಯ ಎರಡೂ ಸೇರಿ 8 ಲಕ್ಷ ಮುಟ್ಟಬೇಕು.

ಇಷ್ಟು ಹಣ ಕೈಯಲ್ಲಿದ್ದೂ ವಲಸೆ ಕಚೇರಿಯಿಂದ ಬರಿಗೈಯಲ್ಲಿ ಹಿಂದಿರುಗುವವರಿದ್ದಾರೆ. ಕಾರಣ ಬಹುಮಟ್ಟಿಗೆ ಒಂದೇ. ಅಧಿಕಾರಿ ಮೊತ್ತವನ್ನು ನೋಡಿ ಸುಮ್ಮನಾಗುವುದಿಲ್ಲ. ಆ ಹಣ ಎಲ್ಲಿಂದ ಬಂತು, ಯಾವ ದಿನ ಬಂತು, ಎಷ್ಟು ದಿನ ಕದಲದೆ ಇತ್ತು ಎಂಬುದನ್ನು ಪಾಸ್‌ಬುಕ್ಕಿನ ಸಾಲುಗಳಲ್ಲಿ ಹುಡುಕುತ್ತಾರೆ. ಆದ್ದರಿಂದ ಹಣ ಹೊಂದಿಸುವ ಮೊದಲೇ ಕ್ಯಾಲೆಂಡರ್ ಹಿಡಿದು ಕೂರಬೇಕು.

ಮೊದಲು ವೀಸಾದ ಬಗೆ ಆರಿಸಿಕೊಳ್ಳಿ

ನಿವೃತ್ತಿ ವೀಸಾ ಎಂದು ಜನ ಕರೆಯುವುದು ಒಂದೇ ವೀಸಾ ಅಲ್ಲ. ಒಂದು, ನಾನ್-ಇಮಿಗ್ರಂಟ್ (ಖಾಯಂ ವಲಸೆಗಲ್ಲದ) ‘ಓ-ಎ’ ವೀಸಾ. ಇದನ್ನು ನೀವಿರುವ ದೇಶದ ಥಾಯ್ ರಾಯಭಾರ ಕಚೇರಿಯ ಮೂಲಕ ಪಡೆಯಬೇಕು. ಅರ್ಜಿ ಹಾಕುವಾಗ ಹಣ ನಿಮ್ಮ ದೇಶದ ಬ್ಯಾಂಕಿನಲ್ಲೇ ಇದ್ದರೂ ನಡೆಯುತ್ತದೆ. ಆದರೆ ಪೊಲೀಸ್ ಪ್ರಮಾಣಪತ್ರ ಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕು, ಜೊತೆಗೆ ಆರೋಗ್ಯ ವಿಮೆಯೂ ಬೇಕು. 2019ರ ಅಕ್ಟೋಬರ್ 31ರಿಂದ ಈ ವಿಮೆ ಕಡ್ಡಾಯ. ಆಗ ಕೇಳುತ್ತಿದ್ದದ್ದು ಒಳರೋಗಿ ಚಿಕಿತ್ಸೆಗೆ 4 ಲಕ್ಷ ಬಹ್ತ್, ಹೊರರೋಗಿ ಚಿಕಿತ್ಸೆಗೆ 40,000 ಬಹ್ತ್ ರಕ್ಷಣೆ. ಆಮೇಲೆ ಅದನ್ನು 30 ಲಕ್ಷ ಬಹ್ತ್‌ಗೆ ಏರಿಸಲಾಯಿತು.

ಇನ್ನೊಂದು, ಬರಿಯ ‘ಓ’ ವರ್ಗದ ವೀಸಾ. ಇದು ಕೊಡುವುದು 90 ದಿನ ಮಾತ್ರ. ಆ 90 ದಿನಗಳೊಳಗೆ ಥಾಯ್ಲೆಂಡಿನ ವಲಸೆ ಕಚೇರಿಯಲ್ಲಿ ಒಂದು ವರ್ಷದ ವಾಸ್ತವ್ಯ ವಿಸ್ತರಣೆಗೆ ಅರ್ಜಿ ಹಾಕಿ, ಮುಂದೆ ಪ್ರತಿವರ್ಷ ಅದನ್ನೇ ನವೀಕರಿಸುತ್ತ ಹೋಗಬೇಕು. ಈ ದಾರಿಯಲ್ಲಿ ವಿಮೆ ಕಡ್ಡಾಯವಲ್ಲ. ದೀರ್ಘಕಾಲ ಇರುವವರಿಗೆ ನಾನು ಸೂಚಿಸುವುದು ಇದನ್ನೇ. ಹಾಗೆಂದು ವಿಮೆಯನ್ನೇ ಬಿಟ್ಟುಬಿಡಬೇಡಿ. ಅಲ್ಲಿನ ಖಾಸಗಿ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಶಸ್ತ್ರಚಿಕಿತ್ಸೆಯ ಬಿಲ್ಲು ವೀಸಾಕ್ಕಾಗಿ ಕೂಡಿಟ್ಟ ಗಂಟನ್ನೇ ನುಂಗಬಲ್ಲದು.

ಮುಂದಿನ ಮಾತೆಲ್ಲ ಈ ‘ಓ’ ವೀಸಾ ಮತ್ತು ಅದರ ವಾರ್ಷಿಕ ವಿಸ್ತರಣೆಯನ್ನು ಕುರಿತದ್ದು.

ಖಾತೆ ತೆರೆಯುವುದು

ವಿಸ್ತರಣೆಗೆ ಹಣ ಥಾಯ್ ಬ್ಯಾಂಕಿನಲ್ಲಿ, ಅರ್ಜಿದಾರರೊಬ್ಬರದೇ ಹೆಸರಿನಲ್ಲಿ ಇರಬೇಕು. ಗಂಡ ಹೆಂಡತಿಯ ಜಂಟಿ ಖಾತೆ ಇದಕ್ಕೆ ಒದಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಖಾತೆಯಲ್ಲಿಯೂ ಹಾಗೆಯೇ ಬರಲಿ. ವಂಚಕರು ಪರರ ಹೆಸರಿನ ಖಾತೆಗಳನ್ನು ಬಳಸುವುದು ಹೆಚ್ಚಿದ್ದರಿಂದ ವಿದೇಶಿಯರಿಗೆ ಖಾತೆ ತೆರೆದುಕೊಡುವಲ್ಲಿ ಬ್ಯಾಂಕುಗಳು ಬಿಗಿಯಾಗಿವೆ. ಒಂದು ಶಾಖೆ ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ನೋಡಿ ಒಪ್ಪಿದರೆ, ಅದೇ ಬ್ಯಾಂಕಿನ ಇನ್ನೊಂದು ಶಾಖೆ ವಲಸೆ ಕಚೇರಿಯ ವಾಸಸ್ಥಳ ಪ್ರಮಾಣಪತ್ರ ಕೇಳುತ್ತದೆ. ಒಂದು ಕಡೆ ಆಗದು ಎಂದರೆ ಧೈರ್ಯಗೆಡದೆ ಮತ್ತೊಂದು ಶಾಖೆಗೆ ಹೋಗಿ. ಮೊಬೈಲಿನಲ್ಲಷ್ಟೇ ನಡೆಯುವ ಖಾತೆ ಬೇಡ, ಪಾಸ್‌ಬುಕ್ ಇರುವ ಉಳಿತಾಯ ಖಾತೆಯನ್ನೇ ಕೇಳಿ. ನಿಶ್ಚಿತ ಠೇವಣಿಯೂ ಸಲ್ಲುತ್ತದೆ. ಆದರೆ ಅವಧಿ ಮುಗಿದು ಮರುಠೇವಣಿ ಆಗುವಾಗ ಪುಸ್ತಕದಲ್ಲಿ ಹಣ ತೆಗೆದು ಮತ್ತೆ ಹಾಕಿದಂತೆ ದಾಖಲಾದರೆ ವಿವರಣೆ ಕೊಡುವ ಪಾಡು ನಿಮ್ಮದಾಗುತ್ತದೆ.

ಹಣ ವಿದೇಶದಿಂದಲೇ ಬರಲಿ, ಬಂದದ್ದು ಕಾಣಲಿ

ಹಣವನ್ನು ನಿಮ್ಮ ದೇಶದ ಬ್ಯಾಂಕಿನಿಂದ ನೇರವಾಗಿ ನಿಮ್ಮ ಥಾಯ್ ಖಾತೆಗೆ ಕಳುಹಿಸಿ. ವಿದೇಶಿ ಕರೆನ್ಸಿಯಲ್ಲಿಯೇ ಕಳುಹಿಸಿ, ಬಹ್ತ್ ಆಗಿ ಬದಲಾಯಿಸುವುದು ಅಲ್ಲಿನ ಬ್ಯಾಂಕಿನ ಕೆಲಸವಾಗಲಿ. ಆಗ ಪಾಸ್‌ಬುಕ್ಕಿನ ಸಾಲಿನಲ್ಲಿ ವಿದೇಶಿ ವರ್ಗಾವಣೆಯ ಸಂಕೇತ ಮೂಡುತ್ತದೆ. ಬ್ಯಾಂಕಾಕ್ ಬ್ಯಾಂಕಿನ ಪುಸ್ತಕದಲ್ಲಾದರೆ ಅದು ‘ಎಫ್‌ಟಿಟಿ’. ಸೂಟ್‌ಕೇಸಿನಲ್ಲಿ ನಗದು ತಂದು ಕಟ್ಟಿದ ಹಣಕ್ಕಾಗಲಿ, ಅಲ್ಲಿನ ಸ್ನೇಹಿತರೊಬ್ಬರು ಖಾತೆಗೆ ಹಾಕಿದ ಹಣಕ್ಕಾಗಲಿ ಈ ಗುರುತು ಇರುವುದಿಲ್ಲ. ಕೆಲವು ವರ್ಗಾವಣೆ ಸಂಸ್ಥೆಗಳು ನಿಮ್ಮಿಂದ ಡಾಲರ್ ಪಡೆದು ಥಾಯ್ಲೆಂಡಿನೊಳಗಿನ ತಮ್ಮ ಖಾತೆಯಿಂದ ಬಹ್ತ್ ಪಾವತಿಸುತ್ತವೆ. ಪುಸ್ತಕದಲ್ಲಿ ಅದು ದೇಶದೊಳಗಿನ ವರ್ಗಾವಣೆಯಂತೆ ಕಾಣುವ ಸಂಭವವಿದೆ. ಹಣ ಜಮೆಯಾದ ವಾರದಲ್ಲೇ ಬ್ಯಾಂಕಿಗೆ ಹೋಗಿ, ವಿದೇಶದಿಂದ ಬಂದ ಹಣ ಎಂಬ ಜಮಾ ಪತ್ರವನ್ನು ಕೇಳಿ ಪಡೆದಿಟ್ಟುಕೊಳ್ಳಿ. ಪ್ರವಾಸಿಯಾಗಿ ಬಂದು ಅಲ್ಲಿಯೇ ‘ಓ’ ವೀಸಾಕ್ಕೆ ಬದಲಾಗುವವರಿಗೆ ಈ ಕಾಗದ ಇಲ್ಲದೆ ಕೆಲಸವೇ ಸಾಗದು.

8 ಲಕ್ಷಕ್ಕೆ ಸರಿಯಾಗಿ ಕಳುಹಿಸುವುದು ಅಪಾಯ. ವಿನಿಮಯ ದರ ಒಂದು ದಿನದಲ್ಲಿ ಏರಿಳಿಯುತ್ತದೆ, ನಡುವಿನ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಳ್ಳುತ್ತವೆ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಒಂದು ದಿನ ಸದ್ದಿಲ್ಲದೆ ಕಡಿತವಾಗಿ ಶೇಷ 7,99,800 ಆಯಿತೆಂದರೆ, ಅಧಿಕಾರಿಯ ಕಣ್ಣಿಗೆ ಅದು 8 ಲಕ್ಷ ಅಲ್ಲ. 8,10,000 ಇಟ್ಟರೆ ನಿಶ್ಚಿಂತೆ. ದಿನನಿತ್ಯದ ಖರ್ಚಿಗೆ ಬೇರೆಯೇ ಖಾತೆ ಇಟ್ಟುಕೊಂಡು ಈ ಖಾತೆಯ ಕಾರ್ಡನ್ನು ಮುಟ್ಟದಿರುವುದು ಇನ್ನೂ ಒಳ್ಳೆಯದು.

ದಿನಗಳ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಇದು. ನಿಯಮ ಹೀಗಿದೆ. ಅರ್ಜಿ ಹಾಕುವ ದಿನಕ್ಕೆ ಮುಂಚೆ ಕನಿಷ್ಠ 2 ತಿಂಗಳು 8 ಲಕ್ಷ ಬಹ್ತ್ ಖಾತೆಯಲ್ಲಿ ಇದ್ದಿರಬೇಕು. 2019ರಿಂದ ಇದಕ್ಕೆ ಇನ್ನೊಂದು ಸೇರಿದೆ: ವಿಸ್ತರಣೆ ಮಂಜೂರಾದ ಮೇಲೂ 3 ತಿಂಗಳು 8 ಲಕ್ಷ ಹಾಗೆಯೇ ಇರಬೇಕು, ವರ್ಷದ ಉಳಿದ ದಿನಗಳಲ್ಲಿ ಶೇಷ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು.

ಹೊಸಬರ ಲೆಕ್ಕವನ್ನು ಮೊದಲು ನೋಡೋಣ. ಜೂನ್ 1ರಂದು ‘ಓ’ ವೀಸಾದಲ್ಲಿ ಥಾಯ್ಲೆಂಡಿಗೆ ಕಾಲಿಟ್ಟಿರಿ ಎಂದುಕೊಳ್ಳಿ. 90 ದಿನ ಮುಗಿಯುವುದು ಆಗಸ್ಟ್ 29ಕ್ಕೆ. ಕೊನೆಯ ದಿನವೇ ಅರ್ಜಿ ಹಾಕಿದರೂ ಅದಕ್ಕೆ 2 ತಿಂಗಳು ಮೊದಲು, ಅಂದರೆ ಜೂನ್ 29ಕ್ಕೆ ಮುನ್ನ ಪೂರ್ತಿ ಹಣ ಜಮೆಯಾಗಿರಬೇಕು. 90 ದಿನಗಳಿವೆ ಎಂದು ಕಂಡರೂ ಮನೆ ಹುಡುಕಿ, ಖಾತೆ ತೆರೆದು, ಹಣ ತರಿಸಿಕೊಳ್ಳಲು ಸಿಗುವುದು ನಾಲ್ಕೇ ವಾರ! ಮೊದಲ ತಿಂಗಳನ್ನು ಸಮುದ್ರತೀರದಲ್ಲಿ ಕಳೆದು ಆಮೇಲೆ ಬ್ಯಾಂಕಿಗೆ ಹೋದವರಿಗೆ ಆ ಬಾಗಿಲು ಮುಚ್ಚಿಹೋಗಿರುತ್ತದೆ. ಬಂದ ಮೊದಲ ವಾರವೇ ಖಾತೆ ತೆರೆಯಿರಿ, ಜೂನ್ 20ರೊಳಗೆ ಹಣ ಬರುವಂತೆ ನೋಡಿಕೊಳ್ಳಿ. ಆಗ ಆಗಸ್ಟ್ 21ರ ನಂತರ ನೆಮ್ಮದಿಯಾಗಿ ಅರ್ಜಿ ಹಾಕಬಹುದು. ಒಂದು ಕಾಗದ ಸರಿಯಿಲ್ಲ ಎಂದು ಹಿಂದಕ್ಕೆ ಕಳುಹಿಸಿದರೂ ಸರಿಪಡಿಸಿಕೊಂಡು ಬರಲು ಒಂದು ವಾರ ಉಳಿದಿರುತ್ತದೆ.

ನವೀಕರಿಸುವವರ ವರ್ಷಚಕ್ರ ಬೇರೆ. ಅನುಮತಿ ನವೆಂಬರ್ 30ಕ್ಕೆ ಮುಗಿಯುತ್ತದೆ, ನವೆಂಬರ್ 10ರಂದು ಅರ್ಜಿ ಹಾಕುತ್ತೀರಿ ಎನ್ನಿ. ಸೆಪ್ಟೆಂಬರ್ 10ಕ್ಕೆ ಮುಂಚೆ 8 ಲಕ್ಷ ತುಂಬಿರಬೇಕು. ಸೆಪ್ಟೆಂಬರ್ 1ಕ್ಕೇ ತುಂಬಿಸಿ. ನವೆಂಬರ್ 10ಕ್ಕೆ ಮಂಜೂರಾದರೆ ಫೆಬ್ರವರಿ 10ರವರೆಗೆ ಒಂದು ಬಹ್ತ್ ಕೂಡ ಕಡಿಮೆಯಾಗಬಾರದು. ಆಮೇಲೆ 4 ಲಕ್ಷದವರೆಗೆ ತೆಗೆಯಬಹುದು, ಮತ್ತೆ ಸೆಪ್ಟೆಂಬರಿಗೆ ತುಂಬಬೇಕು. ಮುಂಚಿತವಾಗಿ ಅರ್ಜಿ ಹಾಕಿದರೆ ದಿನ ನಷ್ಟವಾಗುವುದಿಲ್ಲ. ಹೊಸ ವರ್ಷ ಹಳೆಯ ಅವಧಿ ಮುಗಿದ ಮೇಲೆಯೇ ಶುರುವಾಗುತ್ತದೆ. ಸಾಧ್ಯವಿದ್ದವರು 8 ಲಕ್ಷವನ್ನು ವರ್ಷಪೂರ್ತಿ ಹಾಗೆಯೇ ಬಿಟ್ಟರೆ ಈ ತಲೆನೋವೇ ಇರುವುದಿಲ್ಲ. ಹಣ ತೆಗೆದು ತುಂಬುವ ಲೆಕ್ಕ ಒಂದು ವರ್ಷ ತಪ್ಪಿದರೂ ಮುಂದಿನ ವಿಸ್ತರಣೆಯ ಹೊತ್ತಿಗೆ 12 ತಿಂಗಳ ಖಾತೆ ವಿವರದಲ್ಲಿ ಅದು ಎದ್ದು ಕಾಣುತ್ತದೆ.

ತಿಂಗಳ ಆದಾಯದ ದಾರಿ

8 ಲಕ್ಷವನ್ನು ಒಂದೇ ಕಡೆ ಕಟ್ಟಿಹಾಕಲು ಮನಸ್ಸಿಲ್ಲದ, ಒಳ್ಳೆಯ ಪಿಂಚಣಿ ಇರುವವರಿಗೆ ಇದು ಅನುಕೂಲ. ಹಿಂದೆ ರಾಯಭಾರ ಕಚೇರಿಯ ಆದಾಯ ಪತ್ರವೊಂದೇ ಸಾಕಾಗುತ್ತಿತ್ತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ದೇಶಗಳ ರಾಯಭಾರ ಕಚೇರಿಗಳು 2019ರ ಹೊತ್ತಿಗೆ ಅಂಥ ಪತ್ರ ಕೊಡುವುದನ್ನು ನಿಲ್ಲಿಸಿದವು. ಪತ್ರ ಸಿಗದವರು ತಿಂಗಳು ತಿಂಗಳೂ ವಿದೇಶದಿಂದ ಕನಿಷ್ಠ 65,000 ಬಹ್ತ್ ಬಂದಿರುವುದನ್ನು 12 ತಿಂಗಳ ಬ್ಯಾಂಕ್ ದಾಖಲೆಯಿಂದ ತೋರಿಸಬೇಕು. ಈ ಹಣವನ್ನು ಖರ್ಚು ಮಾಡಬಹುದು, ಅದೇ ಇದರ ಆಕರ್ಷಣೆ. ಆದರೆ ಒಂದು ತಿಂಗಳು 64,700 ಬಂದು ಮುಂದಿನ ತಿಂಗಳು 70,000 ಬಂದರೆ ಸರಾಸರಿ ನೋಡಿ ಎಂದು ವಾದಿಸುವಂತಿಲ್ಲ. ದರ ಕುಸಿದ ತಿಂಗಳಲ್ಲೂ 65,000 ದಾಟುವಂತೆ ಹೆಚ್ಚಿಗೆ ಕಳುಹಿಸಿ. ಹೊಸಬರ ಬಳಿ 12 ತಿಂಗಳ ದಾಖಲೆ ಇರುವುದಿಲ್ಲವಾದ್ದರಿಂದ ಮೊದಲ ವರ್ಷ ಠೇವಣಿಯ ದಾರಿ ಹಿಡಿದು, ಆ ವರ್ಷವಿಡೀ ತಿಂಗಳ ಹಣವನ್ನೂ ತರಿಸಿಕೊಂಡು, ಎರಡನೆಯ ವರ್ಷ ದಾರಿ ಬದಲಿಸುವುದು ಜಾಣತನ.

ಎರಡೂ ಬೆರೆಸುವವರ ಲೆಕ್ಕ ಹೀಗೆ: ಪಿಂಚಣಿ ತಿಂಗಳಿಗೆ 30,000 ಬಹ್ತ್ ಆದರೆ ವರ್ಷಕ್ಕೆ 3,60,000, ಉಳಿದ 4,40,000 ಠೇವಣಿಯಾಗಿರಬೇಕು. ಆದಾಯಕ್ಕೆ ಯಾವ ಪುರಾವೆ ಒಪ್ಪುತ್ತಾರೆ ಎಂಬುದು ಒಂದೊಂದು ವಲಸೆ ಕಚೇರಿಯಲ್ಲಿ ಒಂದೊಂದು ಬಗೆ. ನಿಮ್ಮ ವಿಳಾಸಕ್ಕೆ ಸಂಬಂಧಿಸಿದ ಕಚೇರಿಯಲ್ಲಿ ಮೂರು ತಿಂಗಳು ಮೊದಲೇ ವಿಚಾರಿಸಿ.

ಅರ್ಜಿಯ ದಿನ

ಬೆಳಿಗ್ಗೆ ಮೊದಲು ಹೋಗಬೇಕಾದದ್ದು ಬ್ಯಾಂಕಿಗೆ. ಖಾತೆಗೆ 100 ಬಹ್ತ್ ಕಟ್ಟಿ, ಪಾಸ್‌ಬುಕ್ ಯಂತ್ರದಲ್ಲಿ ಪುಸ್ತಕ ತುಂಬಿಸಿ. ಅಂದಿನ ತಾರೀಖಿನ ಸಾಲು ಮುದ್ರಣವಾದರೆ ಹಣ ಇವತ್ತೂ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಖಾತೆ ನಿಮ್ಮದು, ಶೇಷ ಇಷ್ಟು ಎಂದು ದೃಢೀಕರಿಸುವ ಪತ್ರವನ್ನೂ ಬ್ಯಾಂಕಿನಿಂದ ಪಡೆಯಿರಿ. ಕಚೇರಿ ಕೇಳುವುದಾದರೆ 12 ತಿಂಗಳ ಖಾತೆ ವಿವರವೂ ಬೇಕು, ಅದು ಶಾಖೆಯಲ್ಲಿ ತಕ್ಷಣ ಸಿಗದೆ ಕೆಲವು ದಿನ ಹಿಡಿಯಬಹುದು. ವರ್ಷವಿಡೀ ತಿಂಗಳಿಗೊಮ್ಮೆಯಾದರೂ ಪುಸ್ತಕ ತುಂಬಿಸುತ್ತಿರಿ. ಬಹುಕಾಲ ಬಿಟ್ಟರೆ ಹಲವು ವ್ಯವಹಾರಗಳು ಒಂದೇ ಸಾಲಿಗೆ ಕುಗ್ಗಿ, ಹಣ ಬಂದ ತಾರೀಖೇ ಮರೆಯಾಗುತ್ತದೆ.

ಆಮೇಲೆ ವಲಸೆ ಕಚೇರಿ; ಬ್ಯಾಂಕಾಕಿನವರಿಗೆ ಚೆಂಗ್ ವತ್ತನ, ಪಟ್ಟಾಯದವರಿಗೆ ಜೋಮ್‌ತಿಯೆನ್. ಬೇಕಾದದ್ದು ಇಷ್ಟು: ವಿಸ್ತರಣೆಯ ಟಿಎಂ.7 ಅರ್ಜಿ, ಭಾವಚಿತ್ರ, ಪಾಸ್‌ಪೋರ್ಟ್ ಮತ್ತು ಪಾಸ್‌ಬುಕ್ ಪುಟಗಳ ಪ್ರತಿಗಳು, ಪ್ರತಿ ಪುಟದಲ್ಲಿ ನಿಮ್ಮ ಸಹಿ, ವಿಳಾಸ ನೋಂದಣಿಯ ಟಿಎಂ.30 ರಸೀದಿ, ಶುಲ್ಕ 1,900 ಬಹ್ತ್.

ಹಣ ಕೂಡಿಸಲಾಗದವರ ಬಳಿಗೆ ಏಜೆಂಟರು ಬರುತ್ತಾರೆ. 8 ಲಕ್ಷವನ್ನು ನಾವೇ ನಿಮ್ಮ ಖಾತೆಗೆ ಹಾಕಿ, ವಿಸ್ತರಣೆ ಆದ ಮೇಲೆ ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಪಾಸ್‌ಪೋರ್ಟ್ ನಿಮ್ಮದು, ಅರ್ಜಿಯ ಮೇಲಿನ ಸಹಿ ನಿಮ್ಮದು. ಮಂಜೂರಾತಿಯ ನಂತರದ 3 ತಿಂಗಳು ಆ ಹಣ ಇರುವುದೇ ಇಲ್ಲವಾದ್ದರಿಂದ ನಿಯಮ ಮುರಿದವರೂ ನೀವೇ ಆಗುತ್ತೀರಿ. ಇಳಿವಯಸ್ಸಿನಲ್ಲಿ ಮನೆ ಬಿಟ್ಟು ಬಂದವರು ಇಂಥದಕ್ಕೆ ಸಿಕ್ಕಿಕೊಳ್ಳುವುದನ್ನು ನೆನೆದರೆ ಸಂಕಟವಾಗುತ್ತದೆ. ಈ ವರ್ಷ ಹಣ ಸಾಲದಿದ್ದರೆ ಒಂದೆರಡು ವರ್ಷ ತಡೆದು ಬನ್ನಿ.

ದಂಪತಿ, ತೆರಿಗೆ, ಉಯಿಲು

ದಂಪತಿಯಲ್ಲಿ ಇಬ್ಬರೂ ಪ್ರತ್ಯೇಕವಾಗಿ ಅರ್ಜಿ ಹಾಕಿದರೆ ಇಬ್ಬರ ಖಾತೆಯಲ್ಲೂ ತಲಾ 8 ಲಕ್ಷ ಬೇಕು. ಒಬ್ಬರು ನಿವೃತ್ತರಾಗಿ, ಇನ್ನೊಬ್ಬರು ಅವರ ಅವಲಂಬಿತರಾಗಿ ವಿಸ್ತರಣೆ ಪಡೆದರೆ ಒಂದೇ 8 ಲಕ್ಷ ಸಾಕು. ದೃಢೀಕರಿಸಿದ ವಿವಾಹ ಪ್ರಮಾಣಪತ್ರವನ್ನು ಊರಿನಿಂದ ಹೊರಡುವ ಮೊದಲೇ ಸಿದ್ಧಮಾಡಿಕೊಳ್ಳಿ.

ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿ ಇದ್ದವರು ಅಲ್ಲಿನ ತೆರಿಗೆ ನಿವಾಸಿಗಳು. 2024ರ ಜನವರಿ 1ರಿಂದ ಇಂಥವರು ಹೊರಗೆ ಗಳಿಸಿ ಥಾಯ್ಲೆಂಡಿಗೆ ತಂದ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಹಿಂದಿನ ಉಳಿತಾಯಕ್ಕೆ ಇದು ತಟ್ಟದು. 2023ರ ಡಿಸೆಂಬರ್ 31ರಂದು ನಿಮ್ಮ ಖಾತೆಯಲ್ಲಿ ಎಷ್ಟಿತ್ತು ಎಂಬ ಬ್ಯಾಂಕ್ ವಿವರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಒಬ್ಬರದೇ ಹೆಸರಿನಲ್ಲಿ ಖಾತೆ ಇರಬೇಕು ಎಂಬ ಷರತ್ತಿಗೆ ಇನ್ನೊಂದು ಮುಖವಿದೆ. ಖಾತೆದಾರರು ತೀರಿಕೊಂಡರೆ ಬ್ಯಾಂಕ್ ಖಾತೆಯನ್ನು ತಡೆಹಿಡಿಯುತ್ತದೆ. ನ್ಯಾಯಾಲಯ ಆಸ್ತಿಯ ಆಡಳಿತಗಾರರನ್ನು ನೇಮಿಸುವವರೆಗೆ ಹೆಂಡತಿಗಾಗಲಿ ಗಂಡನಿಗಾಗಲಿ ಆ ಹಣ ಸಿಗುವುದಿಲ್ಲ. ಥಾಯ್ಲೆಂಡಿನ ಆಸ್ತಿಗೆ ಅಲ್ಲಿಯೇ ಒಂದು ಉಯಿಲು ಬರೆಸಿ, ಸಂಗಾತಿಯ ಸ್ವಂತ ಖಾತೆಯಲ್ಲಿ ಕೆಲವು ತಿಂಗಳ ಖರ್ಚಿಗಾಗುವಷ್ಟು ಹಣ ಇಡಿ.

ದೇಶ ಬಿಟ್ಟು ಹೊರಡುವ ಮುನ್ನ

ವಿಸ್ತರಣೆ ಸಿಕ್ಕ ಮೇಲೆ ಮೊಮ್ಮಕ್ಕಳನ್ನು ನೋಡಲು ಊರಿಗೆ ಹೊರಡುವವರು ಮರುಪ್ರವೇಶದ ಅನುಮತಿಯನ್ನು ಮರೆಯಬಾರದು. ಅದಿಲ್ಲದೆ ಗಡಿ ದಾಟಿದರೆ ವಿಸ್ತರಣೆ ಅಲ್ಲಿಗೇ ರದ್ದಾಗುತ್ತದೆ. ಖಾತೆಯಲ್ಲಿ 8 ಲಕ್ಷ ಹಾಗೆಯೇ ಇದ್ದರೂ ವೀಸಾದಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಮರುಪ್ರವೇಶದ ಅನುಮತಿಗೆ ಶುಲ್ಕ ಒಂದು ಬಾರಿಗೆ 1,000 ಬಹ್ತ್, ಅವಧಿಯೊಳಗೆ ಎಷ್ಟು ಬಾರಿ ಬೇಕಾದರೂ ಹೋಗಿಬರಲು 3,800 ಬಹ್ತ್. ಇದರ ಟಿಎಂ.8 ಅರ್ಜಿಯನ್ನು ವಿಸ್ತರಣೆ ಸಿಕ್ಕ ದಿನವೇ ಅದೇ ಕಚೇರಿಯಲ್ಲಿ ಕೊಟ್ಟುಬಿಡಿ. ಆ ದಿನ ಆಗದವರಿಗೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿಯೂ ಹೊರಡುವ ಮುನ್ನ ಇದನ್ನು ಪಡೆಯುವ ಅವಕಾಶವಿದೆ.