ಸಾಹೇಬರು ವಾಸವಿಲ್ಲದ ಸರ್ಕಾರಿ ಬಂಗಲೆ

ಸಾಹೇಬರಿಗೆ ಬಂಗಲೆ ಮಂಜೂರಾಗಿರುತ್ತದೆ, ಸಂಸಾರ ಮಾತ್ರ ಮಕ್ಕಳ ಶಾಲೆ ಅಂತ ಬೇರೆ ಊರಲ್ಲಿರುತ್ತದೆ. ಇದೇನು ಹೊಸದಲ್ಲ. 2018ರಲ್ಲಿ ಮುಖ್ಯಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿ ಅವರೂ ಜೆ.ಪಿ. ನಗರದ ಸ್ವಂತ ಮನೆಯಲ್ಲೇ ಇದ್ದರು, ಸರ್ಕಾರಿ ಬಂಗಲೆ ‘ಕೃಷ್ಣಾ’ ಗೃಹ ಕಚೇರಿಯಾಗಿತ್ತು. ಅಲ್ಲಾದರೆ ದಿನವೂ ಜನ, ಆಳುಕಾಳು. ತಾಲ್ಲೂಕಿನ ಬಂಗಲೆಯಲ್ಲಿ ಒಬ್ಬ ಮೇಟಿ, ಅಂದರೆ ಬಂಗಲೆ ನೋಡಿಕೊಳ್ಳುವ ಆಳು, ಇದ್ದರೆ ಅದೇ ಹೆಚ್ಚು. ಅಂಥವರಿಗೆ ಈ ನಾಲ್ಕು ಮಾತು.

ಧೂಳು ಗುಡಿಸಿದರೆ ಹೋಯಿತು. ನೀರನ್ನು ಮಾತ್ರ ಮರೆಯಬೇಡಿ. ಬಚ್ಚಲ ಜಾಲರಿಯ ಕೆಳಗೆ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಮೋರಿ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಅದೇ. ಬಳಸದೆ ಬಿಟ್ಟರೆ ಬೇಸಿಗೆಯಲ್ಲಿ ಅದು ಆರಿಹೋಗುತ್ತದೆ, ಮನೆಯೆಲ್ಲ ನಾತ. ವಾರಕ್ಕೊಮ್ಮೆ ಪ್ರತಿ ಬಚ್ಚಲಿಗೂ ಸಿಂಕಿಗೂ ಒಂದು ಚೊಂಬು ನೀರು ಹಾಕಿ, ಕಮೋಡ್ ಫ್ಲಶ್ ಮಾಡಿ. ಅದೇ ದಿನ ತೊಟ್ಟಿಯ ಮುಚ್ಚಳ ನೋಡಿ, ಹೂಕುಂಡದ ತಟ್ಟೆಗಳನ್ನು ಬಗ್ಗಿಸಿ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ತಿಂಗಳಿಗೊಮ್ಮೆ ನೋಡಿದರೆ ಏನು ಬಂತು?

ಮಲೆನಾಡಾದರೆ ಬಿಸಿಲು ಬಿದ್ದಾಗ ಮಾತ್ರ ಕಿಟಕಿ ತೆಗೆಯಿರಿ. ಜಡಿಮಳೆಯ ಗಾಳಿ ಒಳಗೆ ಬಂದರೆ ಬೂಸ್ಟು ಇನ್ನೂ ಜಾಸ್ತಿ. ಬೀರು, ಮಂಚ ಗೋಡೆಯಿಂದ ಒಂದು ಗೇಣು ದೂರ ಇರಲಿ, ಹಿಂದೆ ಗೆದ್ದಲು ಹತ್ತಿದರೆ ಕಾಣುತ್ತದೆ. ಫ್ರಿಜ್ ಆರಿಸಿದ್ದರೆ ಒರೆಸಿ, ಅದರ ಬಾಗಿಲು ಪೂರ್ತಿ ಮುಚ್ಚದಂತೆ ಬಟ್ಟೆ ಸಿಕ್ಕಿಸಿಡಿ. ಕರೆಂಟ್ ಉರಿಸದಿದ್ದರೂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬರಬಹುದು, ಬಂದರೆ ಕಟ್ಟಿಸಿಬಿಡಿ.

ಹೈದರಾಬಾದ್‌ನ ಬೊಲಾರಂನಲ್ಲಿರುವ ರಾಷ್ಟ್ರಪತಿ ನಿಲಯಕ್ಕೆ ರಾಷ್ಟ್ರಪತಿಗಳು ಬರುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ. 2023ರಿಂದ ಉಳಿದ ದಿನಗಳಲ್ಲಿ ಅದನ್ನು ಜನ ನೋಡಲು ಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಒಳ್ಳೆಯ ಉಪಾಯ. ಜನ ಓಡಾಡುವ ಮನೆಯ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ, ಅಲ್ವಾ?

ನಮ್ಮ ಬಂಗಲೆಗೆ ಬರುವವರು ಬೇರೆ ಥರ. ‘ಸಾಹೇಬರ ಕಡೆಯವರು, ಒಂದು ರಾತ್ರಿ ಅಷ್ಟೇ’ ಅನ್ನುತ್ತಾರೆ. ಮದುವೆಗೆ ಅಂತ ಹತ್ತು ಕುರ್ಚಿ ಕೇಳುತ್ತಾರೆ. ಮುಖ ನೋಡಿ ಕೊಡಬೇಡಿ. ಸಾಹೇಬರಿಗೇ ಫೋನ್ ಮಾಡಿ, ಅವರು ಹೂಂ ಅಂದರೆ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ವರ್ಗಾವಣೆಯಾದ ದಿನ ದಾಸ್ತಾನು ಪುಸ್ತಕ ಹಿಡಿದು ಕುರ್ಚಿ, ಫ್ಯಾನು, ದಿಂಬು ಎಲ್ಲ ಎಣಿಸುತ್ತಾರೆ. ಆಗ ಕಡೆಯವರು ಯಾರೂ ಪಕ್ಕದಲ್ಲಿ ನಿಲ್ಲುವುದಿಲ್ಲ. ಮುರಿದದ್ದನ್ನೂ ಎಸೆಯಬೇಡಿ, ಅದಕ್ಕೂ ಲೆಕ್ಕವಿದೆ. ಹೆಂಚು ಒಡೆದಿದ್ದರೆ ಮಳೆಗಾಲಕ್ಕೆ ಮುಂಚೆಯೇ ಲೋಕೋಪಯೋಗಿ ಇಲಾಖೆಗೆ ಸಾಹೇಬರ ಸಹಿಯ ಪತ್ರ ಹೋಗಲಿ, ಬಾಯಿಮಾತು ಸಾಲದು.

‘ರಾತ್ರಿ ಬರ್ತೀನಿ’ ಅಂತ ಸಾಹೇಬರ ಫೋನ್ ಬಂದರೆ ಗಾಬರಿಯಾಗಿ ಸುಮ್ನೆ ನೆಲ ಒರೆಸುತ್ತಾ ಕೂರಬೇಡಿ. ಮೊದಲು ನಲ್ಲಿಗಳನ್ನು ಬಿಟ್ಟು ಕೆಂಪು ನೀರು ಹೋಗಿ ತಿಳಿಯಾಗಲಿ. ಗೀಸರಿನ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಆಮೇಲೆ ಹಾಸಿಗೆ ಕೊಡವಿ, ಹಾಲು ತರಲು ಹೋಗಿ.