ಹಾಸ್ಟೆಲ್ ಮಂಚಕ್ಕೊಂದು ಮರೆ: ಮಡಿಕೇರಿ ಮಳೆಗೆ ತಾಳುವ ಹಾಗೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಬ್ಬರು ಮೂವರು ಇರುವ ಕೋಣೆಯಲ್ಲಿ ಮಂಚದ ಸುತ್ತ ಒಂದು ಬೆಡ್‌ಶೀಟ್ ಇಳಿಬಿಡುವುದು ಬಯಲುಸೀಮೆಯಲ್ಲಾದರೆ ಸಾಕಾದೀತು. ಇಲ್ಲಿ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬರುವಷ್ಟರಲ್ಲಿ ಅದಕ್ಕೆ ಬೂಸ್ಟು ಹಿಡಿದು, ಹಾಸಿಗೆಗೂ ಮುಗ್ಗಲು ವಾಸನೆ ಹತ್ತಿರುತ್ತದೆ. ಅದಕ್ಕೇ ಮರೆ ಕಟ್ಟುವಾಗ ನಾನು ಗಾಳಿ ಆಡುವ ದಾರಿಯನ್ನು ಮೊದಲು ನೋಡುತ್ತೇನೆ, ಬಟ್ಟೆಯ ಮಾತು ಆಮೇಲೆ.

ನೆಲದಿಂದ ಸೂರಿನವರೆಗೆ ಮುಚ್ಚಬೇಕಾಗಿಲ್ಲ. ಮಂಚ 18 ಇಂಚು ಎತ್ತರ, ಹಾಸಿಗೆ 4 ಇಂಚು. ಅದರ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು 55 ಇಂಚಿಗೆ ಬರುತ್ತದೆ. ಪರದೆಯ ಮೇಲಂಚು 64 ಇಂಚಿಗೆ ನಿಂತರೆ ಕೋಣೆಯಲ್ಲಿ ಓಡಾಡುವ ಹೆಚ್ಚಿನವರ ಕಣ್ಣು ಒಳಗೆ ಬೀಳುವುದಿಲ್ಲ. ಕೆಳಗೆ 8 ಇಂಚು ಬಿಡಿ. ಕೆಳಗಿನಿಂದ ಬಂದ ಗಾಳಿ ಮೇಲಿನಿಂದ ಹೋಗುತ್ತದೆ, ನೆಲ ಒರೆಸಿದ ನೀರು ಬಟ್ಟೆಗೆ ಏರುವುದಿಲ್ಲ.

ಗೋಡೆಗೆ ಏನನ್ನೂ ಅಂಟಿಸಬೇಡಿ. ಥಂಡಿ ಹೀರಿದ ಸುಣ್ಣದ ಗೋಡೆಯಲ್ಲಿ ಅಂಟುಕೊಕ್ಕೆ ಬೀಳುವುದು ಅಂಟು ಸೋತಿದ್ದಕ್ಕಲ್ಲ, ಸುಣ್ಣದ ಪದರವೇ ಪುಡಿಯಾಗಿ ಕಿತ್ತು ಬರುತ್ತದೆ. ಮೊಳೆ ಹೊಡೆದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಎಲ್ಲ ಭಾರವೂ ಮಂಚದ ಮೇಲೇ ಇರಲಿ. ನೈಲಾನ್ ಹಗ್ಗ ಎಷ್ಟು ಬಿಗಿದರೂ ತೇವಕ್ಕೆ ಹಿಗ್ಗಿ ನಡುವೆ ಜೋತುಬೀಳುತ್ತದೆ. ತೋಟದಿಂದ ಕಡಿದು ತಂದ ಹಸಿ ಬಿದಿರೂ ಬೇಡ: ಅದರ ಪಿಷ್ಟಕ್ಕೆ ಕುಟ್ಟೆಹುಳ ಬಂದು, ಕೆಲವೇ ತಿಂಗಳಲ್ಲಿ ದಿಂಬಿನ ಮೇಲೆ ಹಿಟ್ಟಿನಂಥ ಪುಡಿ ಸುರಿಯತೊಡಗುತ್ತದೆ.

ನಾನು ಬಳಸಿದ್ದು ವೈರಿಂಗ್‌ಗೆ ಹಾಕುವ ಪಿವಿಸಿ ಪೈಪು. ತಲೆಯ ಕಡೆ ಮತ್ತು ಒಂದು ಉದ್ದನೆಯ ಬದಿ ಗೋಡೆಗೆ ಇರುವ 75×36 ಇಂಚಿನ ಕಬ್ಬಿಣದ ಮಂಚಕ್ಕೆ 3 ಮೀಟರ್ ಉದ್ದದ 25 ಎಂ.ಎಂ. ಪೈಪು 4, 20 ಎಂ.ಎಂ. ಪೈಪು 1, ಎಲ್ಬೋ (ಮೂಲೆ ತಿರುಗಿಸುವ ಜೋಡಣೆ) 3, ಟಿ (ಮೂರು ಬಾಯಿಯ ಜೋಡಣೆ) 1 ಬೇಕು. ಮೂರು ಪೈಪುಗಳಿಂದ 66 ಇಂಚಿನ ಒಂದೊಂದು ಕಂಬ, ನಾಲ್ಕನೆಯದರಿಂದ 75 ಮತ್ತು 36 ಇಂಚಿನ ಅಡ್ಡಪೈಪು. 25ರ ಪೈಪು ಒಂದೇ ಇದ್ದರೆ 75 ಇಂಚಿನ ಹರವಿಗೆ ಬಾಗುತ್ತದೆ, ಆದ್ದರಿಂದ 20ರ ಪೈಪನ್ನು ಅಷ್ಟೇ ಉದ್ದ ಕತ್ತರಿಸಿ ಅದರೊಳಗೆ ತೂರಿಸಿ. ಮೂಲೆಯಲ್ಲಿ ಮೂರೂ ದಿಕ್ಕಿಗೆ ಹೋಗುವ ಜೋಡಣೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಕಾಲ ಕಡೆಯ ಹೊರಮೂಲೆಯ ಕಂಬದಲ್ಲಿ ಎಲ್ಬೋ ಕೆಳಗೆ ಎರಡಿಂಚು ಪೈಪು ಬಿಟ್ಟು ಟಿ ಕೂರಿಸಿ, ಗಿಡ್ಡ ಅಡ್ಡಪೈಪನ್ನು ಅಲ್ಲಿಂದ ಹೊರಡಿಸಿ, ಗೋಡೆ ಕಡೆಯ ಕಂಬವನ್ನು ಅಷ್ಟೇ ಗಿಡ್ಡ ಮಾಡಿ. ಸಲ್ಯೂಷನ್ (ಪೈಪಿನ ಅಂಟು) ಹಚ್ಚಬೇಡಿ, ರಜೆಯಲ್ಲಿ ಬಿಚ್ಚಬೇಕಾಗುತ್ತದೆ.

ಇಡೀ ಕೆಲಸ ಕೆಡುವುದು ಕಂಬ ಕಟ್ಟುವಲ್ಲಿ. ಒಂದೇ ಕಡೆ ಕಟ್ಟಿದ ಕಂಬ ಪರದೆ ಎಳೆದಾಗಲೆಲ್ಲ ವಾಲುತ್ತದೆ. ಮಂಚದ ಕಾಲಿಗೆ ನೆಲದಿಂದ 6 ಇಂಚು ಮೇಲೆ ಒಂದು ಕಟ್ಟು, ತಲೆಹಲಗೆ ಅಥವಾ ಕಾಲಹಲಗೆಯ ತುದಿಗೊಂದು ಕಟ್ಟು ಬೇಕೇ ಬೇಕು, ಪ್ರತಿ ಕಟ್ಟಿಗೂ ಎರಡು ಕೇಬಲ್ ಟೈ ಅಡ್ಡಡ್ಡ. ಬಣ್ಣ ಹೊಡೆದ ಕಬ್ಬಿಣದ ಮೇಲೆ ಪ್ಲಾಸ್ಟಿಕ್ ಜಾರುತ್ತದೆ; ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಅಲುಗಾಡುವುದಿಲ್ಲ.

ಬಟ್ಟೆಗೆ ಟೆರಿಕಾಟ್ ಒಳ್ಳೆಯದು. ಅಪ್ಪಟ ಹತ್ತಿ ಮಳೆಗಾಲದಲ್ಲಿ ಒಗೆದರೆ ಮೂರು ದಿನವಾದರೂ ಒಣಗದು. 44 ಇಂಚು ಪನ್ನದ ಬಟ್ಟೆ ಆರೂವರೆ ಮೀಟರ್ ತನ್ನಿ. 61 ಇಂಚಿನ ನಾಲ್ಕು ತುಂಡು ಬರುತ್ತವೆ. ಮೇಲೆ 2, ಕೆಳಗೆ 3 ಇಂಚು ಮಡಿಚಿ ಹೊಲಿದರೆ 56 ಇಂಚು ಉಳಿಯುತ್ತದೆ. ಉದ್ದದ ಬದಿಗೆ ಮೂರು ತುಂಡು, ಆದರೆ ಒಂದೂವರೆ ಒಂದೂವರೆಯಾಗಿ ಎರಡು ಭಾಗ ಹೊಲಿಸಿ, ನಡುವಿನಿಂದ ಹತ್ತಿ ಇಳಿಯಲು. ನಾಲ್ಕನೆಯದು ಕಾಲ ಕಡೆಗೆ. 6 ಇಂಚಿಗೊಂದರಂತೆ 32 ಉಂಗುರ ಬೇಕು, ಎಲ್ಬೋ ಕೂರಿಸುವ ಮೊದಲೇ ಪೈಪಿಗೆ ಹಾಕಿಕೊಳ್ಳಬೇಕು. ಕಿಟಕಿ ಗಾಳಿಗೆ ಹಾರದಂತೆ ಕೆಳಮಡಿಕೆಯಲ್ಲಿ ನಾಣ್ಯ ಹೊಲಿಯಿರಿ. ಕಬ್ಬಿಣದ ವಾಷರ್ ಹಾಕಿದರೆ ತುಕ್ಕಿನ ಕಲೆ ಬಿಡುತ್ತದೆ.

ರಾತ್ರಿ ದೀಪದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ದೀಪ ಗೋಡೆಯಲ್ಲಿದ್ದು ನೀವು ದೀಪಕ್ಕೂ ಪರದೆಗೂ ನಡುವೆ ಕೂತರೆ, ಬಟ್ಟೆ ಬದಲಿಸುವ ನಿಮ್ಮ ನೆರಳು ಪೂರ್ತಿ ಪರದೆಯ ಮೇಲೆ ಮೂಡುತ್ತದೆ. ದೀಪವನ್ನು ಪರದೆ ಬದಿಯ ಕಂಬಕ್ಕೇ ಸಿಕ್ಕಿಸಿ, ಬೆಳಕು ಗೋಡೆಗೆ ತಿರುಗಿರಲಿ. ಆಗ ನೆರಳು ಗೋಡೆಗೆ ಹೋಗುತ್ತದೆ. ಕರೆಂಟ್ ಹೋದಾಗ ಮೋಂಬತ್ತಿಯಾಗಲಿ ಸೊಳ್ಳೆಬತ್ತಿಯಾಗಲಿ ಒಳಗೆ ಖಂಡಿತ ಬೇಡ. ಟೆರಿಕಾಟ್ ಉರಿದರೆ ಕರಗಿ ಮೈಗೆ ಅಂಟುತ್ತದೆ. ಚಾರ್ಜ್ ಆಗುವ ದೀಪ ಇಟ್ಟುಕೊಳ್ಳಿ.

ಕಬ್ಬಿಣದ ಬೀರುವನ್ನು ಹೊರಗೋಡೆಗೆ ಬೆನ್ನು ತಾಗಿಸಿ ಇಟ್ಟರೆ ಹಿಂಬದಿ ಬೆವರಿ ತುಕ್ಕು ಹಿಡಿಯುತ್ತದೆ. ಅದನ್ನೇ ಗೋಡೆಗೆ ಅಡ್ಡಲಾಗಿ ನಿಲ್ಲಿಸಿದರೆ ಮೂರು ಅಡಿಯ ತಡೆಗೋಡೆ ಆಗುತ್ತದೆ, ಹಿಂದೆ ನಿಂತು ಬಟ್ಟೆ ಬದಲಿಸಲು ಜಾಗವೂ ಸಿಗುತ್ತದೆ. ಬಾಗಿಲು ತೆರೆದಾಗ ಬೀರು ಮುಂದಕ್ಕೆ ವಾಲಿ ಬೀಳದಂತೆ ಪುಸ್ತಕಗಳ ಭಾರ ಕೆಳಗಿನ ಖಾನೆಯಲ್ಲಿರಲಿ.

ಮಂಚವನ್ನೂ ಗೋಡೆಯಿಂದ 4 ಇಂಚು ದೂರ ಇಡಿ. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಪರದೆಯನ್ನು ತಲೆಯ ಕಡೆಗೆ ಸರಿಸಿ, ಹಾಸಿಗೆಯನ್ನು ಅರ್ಧ ಮಡಿಚಿ ಹೋಗಿ. ಕಪ್ಪು ಚುಕ್ಕೆ ಕಂಡರೆ ಬಿಸಿನೀರಿನಲ್ಲಿ ಒಗೆದು, ಅರೆಒಣಗಿದ್ದಾಗಲೇ ಇಸ್ತ್ರಿ ಹಾಕಿ. ಉಳಿದ ತೇವ ಅದರಲ್ಲೇ ಹೋಗುತ್ತದೆ. ನುಸಿಗುಳಿಗೆ ಬೂಸ್ಟಿಗೆ ಏನೂ ಮಾಡದು, ತಲೆಯ ಹತ್ತಿರ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಬಟ್ಟೆ ಸದ್ದನ್ನು ತಡೆಯುವುದಿಲ್ಲ. ಫೋನಿನಲ್ಲಿ ಗುಟ್ಟು ಮಾತಾಡಬೇಕಿದ್ದರೆ ಹೊರಗೇ ಹೋಗಬೇಕು, ಇಲ್ಲವೇ ಕೋಣೆಯಲ್ಲಿ ಒಬ್ಬೊಬ್ಬರೇ ಇರುವ ಗಂಟೆಯನ್ನು ಹಂಚಿಕೊಳ್ಳಬೇಕು. ಪೈಪು ತರುವ ಮೊದಲೇ ಜೊತೆಗಾರರ ಹತ್ತಿರ ಒಂದು ಮಾತು ಆಡಿಬಿಡಿ: ‘ಪರದೆ ಎಳೆದಿದ್ದರೆ ಸರಿಸಬೇಡ ಮಾರಾಯ, ಮಂಚದ ಕಾಲು ತಟ್ಟು.’